ಎತ್ತರಿಸಿದ ಹಳೆಯ ಜೀಪು: ಖರೀದಿಗೆ ಮುನ್ನ ಅಡಿಭಾಗದ ಪರಿಶೀಲನೆ

ಕರಾವಳಿ ಹಾಗೂ ಮಲೆನಾಡಿನ ವ್ಯವಹಾರಗಳಲ್ಲಿ ನಾಲ್ಕು ಚಕ್ರ ಚಾಲನೆಯ ಜೀಪಿಗೆ ಇರುವ ಸ್ಥಾನ ಇಂದಿಗೂ ಅಳಿದಿಲ್ಲ. ಅಡಿಕೆ ತೋಟ, ಕಾಫಿ ಎಸ್ಟೇಟು, ಮರದ ಡಿಪೋ, ಹೋಂ ಸ್ಟೇ ಇವೆಲ್ಲಕ್ಕೂ ಅದು ಬೇಕು. ಕೊಡಚಾದ್ರಿಯ ಏರಿಗೂ ಮಡಿಕೇರಿ ಸಮೀಪದ ಮಾಂದಲಪಟ್ಟಿಗೂ ಪ್ರವಾಸಿಗರನ್ನು ಹೊತ್ತೊಯ್ಯುವುದು ಜೀಪುಗಳೇ. ಆದರೆ ಮಹೀಂದ್ರ ಸಿಜೆ 3ಬಿ, ಎಂಎಂ 540 ಅಥವಾ 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ ಈಗ ಹೊಸದಾಗಿ ದೊರೆಯುವುದಿಲ್ಲ. ಬೇಕಾದವರು ಹಳೆಯದನ್ನೇ ಹುಡುಕಬೇಕು. ಹೀಗೆ ಮಾರಾಟಕ್ಕೆ ಬರುವ ವಾಹನಗಳಲ್ಲಿ ಗಣನೀಯ ಪಾಲು 'ಲಿಫ್ಟ್' ಮಾಡಿಸಿದವು, ಅಂದರೆ ಸಸ್ಪೆನ್ಷನ್ ಎತ್ತರಿಸಿ ದಪ್ಪ ಟಯರು ತೊಡಿಸಿದವು. ಮಾರುವವರು ಇದನ್ನು ಹೆಚ್ಚುವರಿ ಮೌಲ್ಯವೆಂದು ಬೆಲೆಗೆ ಸೇರಿಸುತ್ತಾರೆ. ಕೊಳ್ಳುವವರು ಮಾತ್ರ ಮೊದಲಿಗೆ ಅದನ್ನು ಕಳೆಯುವ ಬಾಬತ್ತೆಂದೇ ಎಣಿಸಿ, ಅಡಿಭಾಗವನ್ನು ನೋಡಿದ ಬಳಿಕ ಅಭಿಪ್ರಾಯ ಬದಲಿಸಬೇಕೇ ಎಂದು ಯೋಚಿಸುವುದು ಒಳಿತು.

ಕಲ್ಲಿಗೆ ಮೊದಲು ತಾಗುವುದು ಆಕ್ಸಲ್‌ನ ನಡುವಿನ ಡಿಫರೆನ್ಷಿಯಲ್ ಗುಂಡು. ಸಸ್ಪೆನ್ಷನ್ ಎತ್ತರಿಸಿದರೆ ಛಾಸಿ ಮತ್ತು ಬಾಡಿ ಮೇಲೇರುತ್ತವೆಯೇ ಹೊರತು ಆ ಗುಂಡು ಇದ್ದಲ್ಲಿಯೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ಟಯರು ಮಾತ್ರ, ಅದೂ ವ್ಯಾಸದ ಹೆಚ್ಚಳದ ಅರ್ಧದಷ್ಟು. 28 ಇಂಚಿನ ಟಯರಿಗೆ ಬದಲಾಗಿ 31 ಇಂಚಿನದನ್ನು ಹಾಕಿದರೆ ದೊರೆಯುವ ಲಾಭ ಒಂದೂವರೆ ಇಂಚು. ಆದುದರಿಂದ 'ನಾಲ್ಕು ಇಂಚು ಲಿಫ್ಟ್' ಎಂಬ ಮಾತನ್ನು ತೋಟದ ದಾರಿಯ ಉಪಯುಕ್ತತೆಯೆಂದು ಭಾವಿಸಬಾರದು. ದಪ್ಪ ಟಯರಿಗೆ ಜಾಗ ಒದಗಿಸುವುದೇ ಅದರ ಮುಖ್ಯ ಕೆಲಸ.

ಮುಂದಿನ ಪ್ರಶ್ನೆ, ಎತ್ತರವನ್ನು ಹೇಗೆ ಸಾಧಿಸಲಾಗಿದೆ ಎಂಬುದು. ಕಮಾನು ಪಟ್ಟಿಯ ವಾಹನಗಳಲ್ಲಿ ಇದಕ್ಕೆ ಕೆಲವೇ ಮಾರ್ಗಗಳಿವೆ. ಅತ್ಯಂತ ಅಗ್ಗದ್ದು ಉದ್ದನೆಯ ಶ್ಯಾಕಲ್. ಶ್ಯಾಕಲ್ ಎರಡು ಇಂಚು ಉದ್ದವಾದರೆ ವಾಹನ ಏರುವುದು ಸುಮಾರು ಒಂದು ಇಂಚು ಮಾತ್ರ. ಸಿಜೆ 3ಬಿ ಮತ್ತು ಜಿಪ್ಸಿಗಳಲ್ಲಿ ಮುಂದಿನ ಪಟ್ಟಿಯ ಶ್ಯಾಕಲ್ ಮುಂತುದಿಯಲ್ಲಿರುವುದರಿಂದ, ಅದನ್ನು ಉದ್ದ ಮಾಡಿದಾಗ ಆಕ್ಸಲ್ ಮುಂದಕ್ಕೆ ವಾಲಿ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳದೆ, ವೇಗದಲ್ಲಿ ವಾಹನ ಅತ್ತಿತ್ತ ಅಲೆದಾಡಿದರೆ ಮೊದಲು ಇದನ್ನೇ ಶಂಕಿಸಬೇಕು.

ಪಟ್ಟಿಗೂ ಆಕ್ಸಲ್‌ಗೂ ನಡುವೆ ಉಕ್ಕಿನ ಬ್ಲಾಕ್ ಇಡುವುದು ಇನ್ನೊಂದು ವಿಧಾನ. ಹಿಂದಿನ ಆಕ್ಸಲ್‌ಗೆ ಒಂದೇ ತುಂಡಿನ ಬ್ಲಾಕನ್ನು ಸರಿಯಾದ ಉದ್ದದ ಯು-ಬೋಲ್ಟ್ ಹಾಕಿ ಬಿಗಿದಿದ್ದರೆ ಒಪ್ಪಬಹುದು. ಮುಂದಿನ ಆಕ್ಸಲ್‌ನಲ್ಲಿ ಬ್ಲಾಕ್ ಕಂಡರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಲೇಸು. ಬ್ರೇಕ್ ಒತ್ತಿದಾಗ ಆಕ್ಸಲ್ ತಿರುಚಿಕೊಳ್ಳುವ ಬಲಕ್ಕೆ ಬ್ಲಾಕ್ ಜಾರಿದರೆ ಸ್ಟೀರಿಂಗ್ ಕೈಬಿಡುತ್ತದೆ.

ಹಳೆಯ ಪಟ್ಟಿಯನ್ನೇ ಕಾಯಿಸಿ ಬಾಗಿಸುವುದು ನಮ್ಮಲ್ಲಿ ಹೆಚ್ಚು ರೂಢಿಯಲ್ಲಿರುವ ಮಾರ್ಗ. ಲಾರಿ ಪಟ್ಟಿಯ ಕೆಲಸದಲ್ಲಿ ನುರಿತ ಕಾರ್ಮಿಕರು ಈ ಭಾಗದಲ್ಲಿದ್ದಾರೆ ಎಂಬುದು ನಿಜ. ಆದರೆ ಪಟ್ಟಿಯ ಉಕ್ಕನ್ನು ಕೆಂಪಗೆ ಕಾಯಿಸಿದ ಮೇಲೆ ಕ್ರಮವರಿತು ತಣಿಸಿ ಮರುಹದ ಮಾಡದಿದ್ದರೆ ಅದರ ಕಸುವು ಹೋಗಿ, ಕಮಾನು ಮತ್ತೆ ಜೋಲುತ್ತದೆ. ಹೆಚ್ಚು ಗಡುಸಾಗಿಸಿದರೆ ಮುರಿಯುತ್ತದೆ. ಎರಡು ಬದಿಯ ಎತ್ತರವನ್ನು ಸಮತಟ್ಟಾದ ನೆಲದಲ್ಲಿ ಅಳೆದು ನೋಡಿರಿ. ಒಂದು ಬದಿ ಕುಸಿದಿದ್ದರೆ ಕಾರಣ ಬಹುಶಃ ಅಲ್ಲಿಯೇ ಇದೆ. ಹೆಚ್ಚುವರಿ ಎಲೆ ಸೇರಿಸಿದ್ದರೆ ಜೀಪು ಬಿರುಸಾಗಿ, ಖಾಲಿಯಿರುವಾಗ ಹಳ್ಳದಿಣ್ಣೆಯಲ್ಲಿ ಚಕ್ರ ನೆಲ ಬಿಡುತ್ತದೆ. ಹೇರು ಸಾಗಿಸುವವರಿಗೆ ಇದು ಅಷ್ಟು ದೊಡ್ಡ ದೋಷವಲ್ಲ.

ಕೊನೆಯದು, ಮೂಲದಲ್ಲಿ ಆಕ್ಸಲ್‌ನ ಕೆಳಗಿರುವ ಪಟ್ಟಿಯನ್ನು ಅದರ ಮೇಲಕ್ಕೆ ಸ್ಥಳಾಂತರಿಸುವುದು. ಜಿಪ್ಸಿಗಳಲ್ಲಿ ಇದು ಜನಪ್ರಿಯ. ಪಟ್ಟಿ ಮೂಲದ್ದೇ ಆದುದರಿಂದ ಸವಾರಿ ಮೃದುವಾಗಿಯೇ ಇರುತ್ತದೆ. ಆದರೆ ಆಕ್ಸಲ್ ಕೊಳವೆಗೆ ಹೊಸ ಪೀಠವನ್ನು ಬೆಸೆಯಬೇಕಾಗುತ್ತದೆ, ಇಡೀ ವಾಹನದ ಭಾರ ಆ ಬೆಸುಗೆಯ ಮೇಲೆಯೇ ನಿಲ್ಲುತ್ತದೆ. ಬಣ್ಣ ಬಳಿದಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿಸಿಯೇ ನೋಡಬೇಕು. ಉಜ್ಜಲು ಬಿಡದ ಮಾರಾಟಗಾರನೊಡನೆ ಚೌಕಾಸಿ ಮಾಡುವ ಅಗತ್ಯವಿಲ್ಲ.

ಎತ್ತರಿಸಿದವರು ಸಾಮಾನ್ಯವಾಗಿ ಅರ್ಧಕ್ಕೇ ಬಿಡುವ ಕೆಲಸಗಳು ಇನ್ನೂ ಇವೆ. ಛಾಸಿಯನ್ನು ಜ್ಯಾಕ್‌ನಿಂದ ಎತ್ತಿ ಚಕ್ರಗಳನ್ನು ಪೂರ್ಣವಾಗಿ ಕೆಳಗೆ ಇಳಿಬಿಟ್ಟಾಗ ಬ್ರೇಕ್ ಹೋಸ್ ಬಿಗಿಯಾಗಿ ಎಳೆದುಕೊಂಡಿದೆಯೇ, ಶಾಕ್ ಅಬ್ಸಾರ್ಬರ್ ಕೊನೆ ಮುಟ್ಟಿ ತಾನೇ ಭಾರ ಹೊತ್ತು ನೇತಾಡುತ್ತಿದೆಯೇ ಎಂದು ನೋಡಬೇಕು. ಸಿಜೆ 3ಬಿಯ ಚಕ್ರಾಂತರ ಕೇವಲ 80 ಇಂಚು. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಹಳ ಗಿಡ್ಡ. ಆದುದರಿಂದ ಸ್ವಲ್ಪವೇ ಎತ್ತರಿಸಿದರೂ ಅದರ ಕೋನ ತೀವ್ರವಾಗುತ್ತದೆ. ಎರಡು ತುದಿಯ ಕೀಲುಗಳ ಕೋನ ಸಮನಾಗಿಲ್ಲದಿದ್ದರೆ ಕಂಪನ ಉಂಟಾಗಿ ಕ್ರಾಸ್ ಪದೇ ಪದೇ ಸವೆಯುತ್ತದೆ. ಎಂಎಂ 540ರ ಚಕ್ರಾಂತರ 91 ಇಂಚು ಇರುವುದರಿಂದ ಅದು ಈ ವಿಷಯದಲ್ಲಿ ಸಹನಶೀಲ. ಸ್ಟೀರಿಂಗ್‌ನ ಡ್ರ್ಯಾಗ್ ಲಿಂಕ್ ಕಡಿದಾಗಿ ಇಳಿದಿದ್ದರೆ ಪ್ರತಿ ಗುಂಡಿಗೂ ಸ್ಟೀರಿಂಗ್ ತಾನಾಗಿ ಎಳೆಯುತ್ತದೆ.

ನಮ್ಮ ಊರಿನ ಉಪ್ಪುಗಾಳಿ ಮತ್ತು ಮಳೆಗಾಲವನ್ನು ಪ್ರತ್ಯೇಕವಾಗಿ ಗಮನಿಸಬೇಕಾಗುತ್ತದೆ. ಪಟ್ಟಿಯ ಎಲೆಗಳ ನಡುವೆ, ನಡುಬೋಲ್ಟಿನ ಸುತ್ತ ಮತ್ತು ಛಾಸಿಗೆ ಪಟ್ಟಿಯನ್ನು ತೂಗುಹಾಕುವ ಬ್ರಾಕೆಟ್‌ನಲ್ಲಿ ತುಕ್ಕು ಒಳಗಿನಿಂದ ತಿನ್ನುತ್ತದೆ. ಬಂದರಿನಲ್ಲಿ ಮೀನು, ಮಂಜುಗಡ್ಡೆ ಹೊತ್ತ ವಾಹನವಾದರೆ ಸಣ್ಣ ಸುತ್ತಿಗೆಯಿಂದ ಛಾಸಿಯನ್ನು ಉದ್ದಕ್ಕೂ ತಟ್ಟಿ ನೋಡಬೇಕು. ಗಟ್ಟಿ ಕಬ್ಬಿಣದ ದನಿಗೂ ಟೊಳ್ಳಿನ ದನಿಗೂ ಇರುವ ವ್ಯತ್ಯಾಸ ಯಾರಿಗೂ ತಿಳಿಯುತ್ತದೆ. ಸ್ಟೀರಿಂಗ್ ಬಾಕ್ಸ್ ಕೂತಿರುವ ಜಾಗದಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂಬುದನ್ನೂ ಬಿಡಬಾರದು.

ಪ್ರಾಣಾಪಾಯದ ಪ್ರಶ್ನೆ ಇರುವುದು ಗುರುತ್ವ ಕೇಂದ್ರದಲ್ಲಿ. ಎಡಬಲ ಚಕ್ರಗಳ ಅಂತರ 48 ಇಂಚು, ಗುರುತ್ವ ಕೇಂದ್ರ ನೆಲದಿಂದ 24 ಇಂಚು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಅಂತರದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ 1.0 ಬರುತ್ತದೆ. ಕೇಂದ್ರ ನಾಲ್ಕು ಇಂಚು ಏರಿದರೆ ಅದು 0.86ಕ್ಕೆ ಇಳಿಯುತ್ತದೆ; ಅಂದರೆ ಮೊದಲಿಗಿಂತ ಶೇಕಡಾ 14ರಷ್ಟು ಕಡಿಮೆ ಬಲಕ್ಕೇ ಜೀಪು ಪಕ್ಕಕ್ಕೆ ಮಗುಚುತ್ತದೆ. ಮೇಲೆ ಕ್ಯಾರಿಯರ್, ಹಿಂದೆ ಎಂಟು ಜನ ಪ್ರವಾಸಿಗರು ಸೇರಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ಬಾಡಿಗೆಗೆ ಓಡಿಸಲು ಉದ್ದೇಶಿಸುವ ಸದಸ್ಯರು ಎತ್ತರಿಸಿದ ಜೀಪನ್ನು ಕೊಳ್ಳಲೇಬಾರದೆಂಬುದು ಈ ಲೇಖಕನ ಸ್ಪಷ್ಟ ಅಭಿಪ್ರಾಯ.

ಓಡಿಸಿ ನೋಡಲು ಕೊಡಿಯಾಲ್‌ಬೈಲ್ ಅನುಕೂಲವಾದ ಸ್ಥಳ. ಬಾವುಟಗುಡ್ಡೆಯ ಏರು ಕಾಲಳತೆಯಲ್ಲಿದೆ. ಏರುವಾಗ ಗೇರಿನ ಬಲ, ಇಳಿಯುವಾಗ ಬ್ರೇಕಿನ ಎಳೆತ ತಿಳಿಯುತ್ತದೆ. ಬಳಿಕ ಲಾಲ್‌ಬಾಗ್, ಕೊಟ್ಟಾರ ಚೌಕಿ ಮಾರ್ಗವಾಗಿ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಸೇರಿ ಕೂಳೂರಿನತ್ತ ಸಾಗಬೇಕು. ವೇಗ 60ರ ಆಸುಪಾಸಿನಲ್ಲಿ ಮುಂಚಕ್ರಗಳು ಥರಥರ ನಡುಗಿದರೆ ಕಿಂಗ್‌ಪಿನ್ ಬೇರಿಂಗ್, ಕ್ಯಾಸ್ಟರ್ ಎರಡನ್ನೂ ಪರೀಕ್ಷಿಸಬೇಕು. ಅಂದ ಹಾಗೆ, 31 ಇಂಚಿನ ಟಯರು ಹಾಕಿ ಮೀಟರ್ ಸರಿಪಡಿಸದಿದ್ದರೆ ಮುಳ್ಳು 60 ತೋರಿಸುವಾಗ ನಿಜವಾದ ವೇಗ 66 ಕಿ.ಮೀ. ಇರುತ್ತದೆ. ಓಡಿದ ದೂರವೂ ಕಡಿಮೆಯಾಗಿಯೇ ದಾಖಲಾಗಿರುತ್ತದೆ.

ಇನ್ನು ಕಾಗದಪತ್ರ. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಹೇಳುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ ಅನಧಿಕೃತ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಹದಿನೈದು ವರ್ಷ ಮೀರಿದ ಖಾಸಗಿ ವಾಹನ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ತಪಾಸಣಾಧಿಕಾರಿಯ ಮುಂದೆ ನಿಲ್ಲಲೇಬೇಕು. ಆಗ ಎತ್ತರ ಕಣ್ಣಿಗೆ ಬೀಳದೆ ಇರದು. ವಿಮಾ ಕಂಪೆನಿಗೆ ತಿಳಿಸದ ಮಾರ್ಪಾಡು ಪರಿಹಾರ ಕೇಳುವಾಗ ತಕರಾರಿಗೂ ದಾರಿಯಾಗುತ್ತದೆ. ಐವತ್ತು ವರ್ಷ ಮೀರಿದ ಸಿಜೆ 3ಬಿಯನ್ನು 2021ರ ನಿಯಮಗಳಡಿ ವಿಂಟೇಜ್ ವಾಹನವೆಂದು ನೋಂದಾಯಿಸುವ ಅವಕಾಶವಿದೆ. ಆದರೆ ಛಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು, ವಾಣಿಜ್ಯ ಬಳಕೆಗೂ ಅನುಮತಿಯಿಲ್ಲ. ಪಟ್ಟಿಯ ಬ್ರಾಕೆಟ್ ಸ್ಥಳಾಂತರಿಸಲು ಛಾಸಿಯನ್ನು ಕೊಯ್ದಿದ್ದರೆ ಆ ಬಾಗಿಲು ಮುಚ್ಚಿದಂತೆಯೇ.

ಆದುದರಿಂದ ಬೆಲೆ ಕಟ್ಟುವಾಗ ಮೂಲಸ್ಥಿತಿಗೆ ಮರಳಿಸುವ ಖರ್ಚನ್ನು ಅಂದಾಜು ಮಾಡಿಸಿ ಕಳೆಯುವುದು ನ್ಯಾಯವಾದ ಕ್ರಮ: ನಾಲ್ಕು ಪಟ್ಟಿ ಸೆಟ್, ಶ್ಯಾಕಲ್, ಬುಷ್, ಶಾಕ್ ಅಬ್ಸಾರ್ಬರ್, ಟಯರು, ಜೊತೆಗೆ ಕೂಲಿ. ತೆಗೆದಿಟ್ಟ ಮೂಲ ಪಟ್ಟಿಗಳು ಮಾರಾಟಗಾರನ ಗೋದಾಮಿನಲ್ಲಿಯೇ ಇದ್ದರೆ ಅವನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಹಳೆಯ ವಾಹನಗಳ ವ್ಯಾಪಾರ ಮಾಡುವ ನೋಂದಾಯಿತ ಸದಸ್ಯರು 2025ರ ಜನವರಿಯಿಂದ ಲಾಭಾಂಶದ ಮೇಲೆ ಶೇಕಡಾ 18 ಜಿಎಸ್‌ಟಿ ತೆರಬೇಕಾಗಿದೆ. ಸಂಸ್ಥೆಯು ಸವಕಳಿ ಪಡೆದ ತನ್ನದೇ ಜೀಪನ್ನು ಮಾರುವಾಗ ಮಾರಾಟ ಬೆಲೆಯಿಂದ ಸವಕಳಿ ಕಳೆದುಳಿದ ಮೌಲ್ಯವನ್ನು ತೆಗೆದು ತೆರಿಗೆ ಲೆಕ್ಕ ಹಾಕತಕ್ಕದ್ದು.