ಕೈಗೆ ಬಂದ ಕೋಶ

ಹಳಗನ್ನಡ ಕಾವ್ಯದ ಓದು ನಿಘಂಟಿನ ನೆರವಿಲ್ಲದೆ ಸಾಗದು. ಕಿಟ್ಟೆಲ್ಲರ ಕೋಶ ಅಚ್ಚಾದುದು 1894ರಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳದು. ನರೇಗಲ್ಲಿನಂತಹ ಊರಿನ ವಿದ್ಯಾರ್ಥಿಗೆ ಇವನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳುವುದು ಎಟುಕದ ಮಾತು. ಆದುದರಿಂದ ಬಹುಕಾಲ ಪದದ ಅರ್ಥವೆಂದರೆ ಅಧ್ಯಾಪಕರು ಹೇಳಿದ ಅರ್ಥ. ವಿದ್ಯಾರ್ಥಿ ಅದನ್ನು ಬರೆದುಕೊಂಡು ಉರುಹಚ್ಚುತ್ತಿದ್ದ.

ಇಂದು ಆ ಸ್ಥಿತಿ ಇಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಂಗಿಯಾಗಿ ಸಂಕಲಿಸಿದ, ಒಂದೂವರೆ ಲಕ್ಷ ನಮೂದುಗಳನ್ನು ಮೀರಿದ ‘ಅಲರ್’ ಎಂಬ ಕನ್ನಡ-ಇಂಗ್ಲಿಷ್ ಕೋಶ 2019ರಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದುಕೊಂಡಿತು. ಮೊಬೈಲ್ ಇದ್ದರೆ ನರೇಗಲ್ಲಿನ ಹುಡುಗಿಗೂ ಧಾರವಾಡದ ಹುಡುಗನಿಗೂ ಈ ಮಟ್ಟಿಗೆ ಭೇದ ಅಳಿಯಿತು. ಇದು ಸಣ್ಣ ಲಾಭವಲ್ಲ.

ಆದರೆ ಅರ್ಥ ಸಿಕ್ಕುವುದು ಬೇರೆ, ಅರ್ಥವಾಗುವುದು ಬೇರೆ. ‘ಅಲರ್’ ಎಂಬ ಪದವನ್ನೇ ನೋಡಿ. ಹಳಗನ್ನಡದಲ್ಲಿ ಅದು ಹೂವೂ ಹೌದು, ಅರಳುವ ಕ್ರಿಯೆಯೂ ಹೌದು. ಪದ್ಯದಲ್ಲಿ ಯಾವುದೆಂಬುದು, ಅದನ್ನು ಬಾಯಿಬಿಟ್ಟು ಓದಿ ಅನ್ವಯ ಮಾಡಿಕೊಂಡವರಿಗೆ ತಿಳಿದೀತು. ಈಗಂತೂ ಕೃತಕ ಬುದ್ಧಿಮತ್ತೆ ಇಡೀ ಪದ್ಯದ ಸಾರಾಂಶವನ್ನೇ ಬರೆದುಕೊಡುತ್ತದೆ. ಅದು ಸರಿಯೋ ತಪ್ಪೋ ಎಂದು ತೂಗುವ ಶಕ್ತಿ ಓದುವವರಲ್ಲಿ ಇಲ್ಲವಾದರೆ, ಹಳೆಯ ಉರುಹಚ್ಚುವಿಕೆಯೇ ಹೊಸ ವೇಷ ತೊಟ್ಟು ಬಂದಂತಾಯಿತು.

ಅಧ್ಯಾಪಕರ ಕೆಲಸ ಹಗುರಾಗಿಲ್ಲ, ಬದಲಾಗಿದೆ. ಅರ್ಥ ಬರೆಸುವ ಹೊತ್ತು ಉಳಿಯಿತು. ಆ ಹೊತ್ತು ಪದ್ಯವನ್ನು ಓದಿಸುವುದಕ್ಕೆ, ಎರಡರ್ಥಗಳಲ್ಲಿ ಇದನ್ನೇ ಏಕೆ ಆರಿಸಿದೆ ಎಂದು ಕೇಳುವುದಕ್ಕೆ ಸಲ್ಲಬೇಕು. ಅಂತಹ ತರಗತಿಯಲ್ಲಿ ಮೊಬೈಲ್ ಇಲ್ಲದ ವಿದ್ಯಾರ್ಥಿಯೂ ಹಿಂದುಳಿಯಲಾರ.