ಮಾತ್ರೆಯೊಳಗೆ ಕಾಮಕಸ್ತೂರಿ

ಬೇಸಿಗೆಯಲ್ಲಿ ಶರಬತ್ತಿಗೆ ಹಾಕುವ ಕಾಮಕಸ್ತೂರಿ ಬೀಜದಿಂದ ಲೋಳೆ ಬಿಡಿಸಿ, ಮಾತ್ರೆಗೆ ಅಂಟಾಗಿ ಬಳಸುವುದನ್ನು ಮೊನ್ನೆ ಒಂದು ಫಾರ್ಮಸಿ ಕಾಲೇಜಿನ ಪ್ರಯೋಗಾಲಯದಲ್ಲಿ ನೋಡಿ ಬಂದೆ. ಆ ಬೆರಗು ಇನ್ನೂ ಇಳಿದಿಲ್ಲ.

ನೀರಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಬೀಜ ಉಬ್ಬುತ್ತದೆ. ಲೋಳೆ ಕಟ್ಟುವುದು ಸಲೀಸು, ಬಿಡಿಸುವುದೇ ಕಷ್ಟ. ಅಗಸೆಯಾಗಿದ್ದರೆ ಬಿಸಿನೀರಿನಲ್ಲಿ ಕದಡಿದರೆ ಸಾಕು, ಲೋಳೆ ನೀರಿಗಿಳಿಯುತ್ತದೆ. ಇದು ಜಗ್ಗುವುದಿಲ್ಲ. ನಾವು ಬೀಜ ಎನ್ನುವುದು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಪುಟ್ಟದೊಂದು ಕಾಯಿ; ಲೋಳೆ ಇರುವುದು ಅದರ ಸಿಪ್ಪೆಯ ಕೋಶಗಳಲ್ಲಿ. ನೀರು ತಗುಲಿದೊಡನೆ ಕೋಶ ಒಡೆದು ಲೋಳೆ ಹೊರನುಗ್ಗುತ್ತದೆ. ಆದರೆ ಸೆಲ್ಯುಲೋಸಿನ ಅತಿಸಣ್ಣ ಎಳೆಗಳು ಅದನ್ನು ಸಿಪ್ಪೆಗೇ ಬಿಗಿದಿಡುತ್ತವೆ. ಗಿಡಕ್ಕೆ ಬೇಕಾದದ್ದೂ ಅದೇ: ಬೀಜ ಮಣ್ಣಿಗೆ ಅಂಟಿಕೊಳ್ಳಬೇಕು, ತೇವ ಅದರ ಸುತ್ತಲೇ ನಿಲ್ಲಬೇಕು. ಆ ಪಟ್ಟನ್ನು ಬಿಡಿಸಲು ಇಲ್ಲಿ ಮಿಕ್ಸರನ್ನೇ ತಿರುಗಿಸಿದರು.

ಮಸ್ಲಿನ್ ಬಟ್ಟೆಯಲ್ಲಿ ಹಿಂಡಿ ತೆಗೆದ ಮಂದ ದ್ರವಕ್ಕೆ ಅದರ ಮೂರರಷ್ಟು ಅಸಿಟೋನ್ ಸುರಿದರು. ಬೀಕರಿನ ತುಂಬ ಶಾವಿಗೆಯಂಥ ಬಿಳಿ ಎಳೆಗಳು ಎದ್ದು, ಹೆಣೆದುಕೊಂಡು, ಮುದ್ದೆಯಾದವು. ವಿದ್ಯಾರ್ಥಿನಿಯೊಬ್ಬಳು ಅದನ್ನು ಗಾಜಿನ ಕಡ್ಡಿಗೆ ಸುತ್ತಿ ಎತ್ತಿದಳು. ಓವನ್ನಿನಲ್ಲಿ 50 ಡಿಗ್ರಿಯಲ್ಲಿ ಒಣಗಿದ ಮೇಲೆ ಅದು ಜರಡಿ ಹಿಡಿಯಬಹುದಾದ ಪುಡಿ.

ಆಮೇಲೆ ಪರೀಕ್ಷೆಗಳ ಸಾಲು. ರುಥೇನಿಯಂ ರೆಡ್ ಹಾಕಿದಾಗ ಕಣಗಳು ಗುಲಾಬಿಯಾದರೆ ಲೋಳೆ ಸರಿ. ಅಯೋಡಿನ್‌ಗೆ ನೀಲಿಯಾದರೆ ಪಿಷ್ಟ ಬೆರೆತಿದೆ. ಪಿಎಚ್, ತೇವಾಂಶ, ಬೂದಿ ನೋಡಿ, ಮಾತ್ರೆ ಒತ್ತಿ, ಆರು ಮಾತ್ರೆಗಳನ್ನು 37 ಡಿಗ್ರಿಯ ನೀರಿನಲ್ಲಿ ಏರಿಳಿಸುತ್ತಾರೆ. ಲೇಪವಿಲ್ಲದ ಸಾಮಾನ್ಯ ಮಾತ್ರೆ 15 ನಿಮಿಷದೊಳಗೆ ಚೂರಾಗಬೇಕು. ಲೋಳೆ ಹೆಚ್ಚಾದರೆ ಒಡೆಯಲು ಸತಾಯಿಸುತ್ತದೆ. ಮದ್ದು ನಿಧಾನವಾಗಿ ಬಿಡುಗಡೆಯಾಗಬೇಕಾದ ಮಾತ್ರೆಗೆ ಇದೇ ಗುಣ ಬೇಕು.

ಮಾತ್ರೆ, ಸಿರಪ್‌ಗಳಿಗೆ ಸುಡಾನಿನ ಅಕೇಸಿಯಾ ಗೋಂದು, ಇರಾನಿನ ಟ್ರಾಗಕಾಂತ್ ಹಿಂದಿನಿಂದಲೂ ಬಳಕೆಯಲ್ಲಿವೆ. ನಮ್ಮ ಬೀಜಗಳೂ ಆ ಸಾಲಿಗೆ ಸೇರಲಿ ಎಂಬ ಆಸೆ ನನ್ನದು. ಆದರೆ ಗಿಡದ್ದು ಎಂದಮಾತ್ರಕ್ಕೆ ನಿರಪಾಯಕಾರಿ ಎಂಬ ಮಾತನ್ನು ನಾನು ಒಪ್ಪಲಾರೆ. ಸಕ್ಕರೆಯ ಉದ್ದ ಸರಪಳಿಯಾದ ಈ ಲೋಳೆ ಬ್ಯಾಕ್ಟೀರಿಯಾಗಳಿಗೂ ಬೂಷ್ಟಿಗೂ ಹಬ್ಬದೂಟ. ಸಾಲದ್ದಕ್ಕೆ ತಳಿ, ಮಣ್ಣು, ಮಳೆ ಬದಲಾದರೆ ಅದರ ಗುಣವೂ ಬದಲಾಗುತ್ತದೆ.

ಇಂಥದೇ ಲೋಳೆಯ ಇಸಬ್‌ಗೋಲ್ ಔಷಧವಾಗಿ ಗೆದ್ದದ್ದು ಅಳತೆಗೆ ಒಗ್ಗಿ. 1 ಗ್ರಾಂ ಹೊಟ್ಟು ನೆಂದು ಕನಿಷ್ಠ 40 ಮಿಲಿಲೀಟರ್ ಜಾಗ ತುಂಬಬೇಕು ಎನ್ನುತ್ತದೆ ಯುರೋಪಿನ ಔಷಧ ಮಾನಕಗಳ ಗ್ರಂಥ, ಫಾರ್ಮಕೋಪಿಯ. ಕಾಮಕಸ್ತೂರಿಗೂ ಅಂಥದೊಂದು ಅಳತೆ ಬೇಕಿದ್ದರೆ ಒಂದೇ ಅಂಗಡಿಯ ಬೀಜ ಹಿಂಡಿ ಪ್ರಬಂಧ ಬರೆದರೆ ಸಾಲದು. ಊರೂರಿನ, ವರ್ಷವರ್ಷದ ಬೆಳೆಯನ್ನು ತಂದು ಒಂದೇ ವಿಧಾನದಲ್ಲಿ ಹಿಂಡಿ, ತೂಗಿ, ಪಕ್ಕಪಕ್ಕದಲ್ಲಿಟ್ಟು ನೋಡಬೇಕು.