ಪೈಪಿಗೊಂದು ತೂತು

ಬೆಳಗಿನ ಹಾಲು ಹಾಕಿ ಬಂದವರ ಕ್ಯಾನುಗಳು ಜಗಲಿಯ ಮೇಲೆ ಬೋರಲು ಬಿದ್ದು ಒಣಗುತ್ತಿವೆ. ಮೂಡಲಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು ಮಂಜು ಬಿಡಿಸಿಕೊಳ್ಳುತ್ತಿದೆ. ಕುದೇರಿನ ಈ ಬೀದಿಯ ಕೊನೆಗೆ ಒಂದು ಹೊಸ ಮನೆ ಏಳುತ್ತಿದೆ. ತಾರಸಿ ಬಿದ್ದು, ಸೆಂಟ್ರಿಂಗ್ ಬಿಚ್ಚಿ ಆಗಿದೆ. ಒಳಗೆ ಹೋದರೆ ಹಸಿ ಸಿಮೆಂಟಿನ ತಂಪು. ಗಾರೆ ಮೇಸ್ತ್ರಿ ಅಡುಗೆಮನೆಯ ಗೋಡೆಗೆ ಇದ್ದಿಲಿನಲ್ಲಿ ಒಂದು ಗೆರೆ ಎಳೆದು ನಿಂತಿದ್ದಾರೆ.

"ಸಿಲಿಂಡರು ಒಳಗಾ, ಆಚೆಗಾ? ಆಚೆಗಾದ್ರೆ ಪೈಪಿಗೆ ಈಗಲೇ ತೂತು ಬಿಡ್ತೀನಿ. ಪ್ಲಾಸ್ಟರ್ ಆದ್ಮೇಲೆ ಒಡಿಯಕ್ಕೆ ನನ್ನ ಕರೀಬೇಡಿ."

ಈ ಒಂದು ತೂತಿಗೆ ನಾಲ್ಕು ಮಾತು ಎದ್ದಿವೆ. ಮನೆ ಯಜಮಾನ ಸುಮ್ಮನೆ ತಲೆ ಕೆರೆದುಕೊಳ್ಳುತ್ತಾರೆ. ಇಟ್ಟಿಗೆಯ ಅಟ್ಟಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಅವರ ಅವ್ವನದು ಬೇರೆಯೇ ಬೇಡಿಕೆ: "ಹಿತ್ತಲಲ್ಲಿ ನಂಗೊಂದು ಒಲ ಹಾಕ್ಕೊಡಿ. ನಿಮ್ ಗ್ಯಾಸು ನೀವೇ ಮಡಿಕಳ್ಳಿ." ವೈರಿಂಗ್ ಹುಡುಗ ಪೈಪು ಸುರುಳಿ ಹೆಗಲಿಗೇರಿಸಿಕೊಂಡೇ ಬಾಯಿ ಹಾಕುತ್ತಾನೆ: "ಎರಡು ಪವರ್ ಪಾಯಿಂಟ್ ಕೊಡ್ತೀನಣ್ಣ, ಇಂಡಕ್ಷನ್ ಇಟ್ಕಳಿ. ಇನ್ನೂರು ಯೂನಿಟ್ಟು ತನ್ಕ ಬಿಲ್ಲೇ ಇಲ್ವಲ್ಲ." ಗೃಹಜ್ಯೋತಿಯ ಇನ್ನೂರು ಎಲ್ಲರಿಗೂ ಇನ್ನೂರಲ್ಲ, ಹಿಂದಿನ ಸರಾಸರಿ ಬಳಕೆ ನೋಡಿ ಕೊಡುವಂಥದ್ದು ಎಂಬ ವಿವರವನ್ನು ಅವನು ನುಂಗಿಕೊಂಡಿದ್ದಾನೆ.

ಅವನಿಗೆ ಉತ್ತರ ಕೊಟ್ಟವರು ಸೊಸೆ. "ಹಿಟ್ಟು ತೊಳಸೋದು ಎಲ್ಲಿ? ಆ ಗಾಜಿನ ಮೇಲಾ?"

ಈ ಪ್ರಶ್ನೆ ತಮಾಷೆಯದಲ್ಲ. ಇಂಡಕ್ಷನ್ ಒಲೆ ಕಾಯಿಸುವುದು ಅಯಸ್ಕಾಂತ ಹಿಡಿಯುವ ತಳವನ್ನು ಮಾತ್ರ. ಈ ಸೀಮೆಯ ಹಿಟ್ಟು ಬೇಯುವುದೋ ಸಿಲವಾರದ ಪಾತ್ರೆಯಲ್ಲಿ, ಅಂದರೆ ಅಲ್ಯೂಮಿನಿಯಂನಲ್ಲಿ. ಅದನ್ನಿಟ್ಟರೆ ಆ ಒಲೆ ಕೀ ಕೀ ಎಂದು ಕೂಗಿ ಆರಿಹೋಗುತ್ತದೆ. ಪಾತ್ರೆ ಬದಲಾಯಿಸಿದರೂ, ರಾಗಿ ಹಿಟ್ಟಿಗೆ ಕೋಲು ಹಾಕಿ ಮೈಭಾರ ಬಿಟ್ಟು ತಿರುವುವಾಗ ನುಣುಪು ಗಾಜಿನ ಮೇಲೆ ಪಾತ್ರೆ ನಿಲ್ಲಬೇಕಲ್ಲ.

ಅಷ್ಟರಲ್ಲಿ ಯಜಮಾನರ ಫೋನಿನಲ್ಲಿ ತಮ್ಮ ಕಾಣಿಸಿಕೊಳ್ಳುತ್ತಾನೆ. ಅಮೆರಿಕದ ಬಾಸ್ಟನ್ ಪಕ್ಕದಲ್ಲಿ ಕೆಲಸ, ಅಲ್ಲಿ ರಾತ್ರಿ. ಮನೆ ತೋರಿಸಿ ಅಂದವನಿಗೆ ಜಗಳ ತೋರಿಸಿದ್ದಾಯಿತು. ಅವನು ನಗುತ್ತಾನೆ. "ಅಣ್ಣ, ಇಲ್ಲೂ ಇದೇ ಜಗಳ. ಇಲ್ಲಿ ಊರಿಗೆ ಊರೇ ಕೂತು ವೋಟು ಹಾಕಿದೆ."

ಅವನು ಹೇಳುತ್ತಿರುವುದು ಬ್ರೂಕ್‌ಲೈನ್ ಎಂಬ ಊರಿನ ಸಂಗತಿ. ಹವಾಮಾನ ಕೆಡಿಸುವ ಹೊಗೆ ತಗ್ಗಲಿ ಎಂದು, ಹೊಸ ಕಟ್ಟಡಗಳಿಗೆ ಗ್ಯಾಸಿನ ಕೊಳವೆ, ಎಣ್ಣೆಯ ಕೊಳವೆ ಎಳೆಯಬಾರದು ಎಂಬ ಉಪವಿಧಿಯನ್ನು 2019ರ ನವೆಂಬರಿನಲ್ಲಿ ಆ ಊರ ಸಭೆ 210ಕ್ಕೆ 3 ಮತಗಳಿಂದ ಒಪ್ಪಿತು. 2020ರ ಜುಲೈನಲ್ಲಿ ರಾಜ್ಯದ ಅಟಾರ್ನಿ ಜನರಲ್ ಅದನ್ನು ತಳ್ಳಿಹಾಕಿದರು. ಉದ್ದೇಶ ತಪ್ಪೆಂದಲ್ಲ, ರಾಜ್ಯದ ಕಾನೂನು ಇರುವ ಕಡೆ ಊರಿನ ಉಪವಿಧಿ ನಡೆಯದು ಎಂದು. ಮುಂದೆ 2022ರಲ್ಲಿ ರಾಜ್ಯವೇ ಹತ್ತು ಊರುಗಳಿಗೆ ಪ್ರಯೋಗದ ಅನುಮತಿ ಕೊಟ್ಟಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರು ಇವರಿಗಿಂತ ಮೊದಲೇ, 2019ರ ಜುಲೈನಲ್ಲಿ, ಇಂಥದ್ದೇ ನಿಯಮ ಮಾಡಿತ್ತು. ಹೋಟೆಲಿನವರ ಸಂಘ ಕೋರ್ಟಿಗೆ ಹೋಗಿ 2023ರಲ್ಲಿ ಗೆದ್ದಿತು. ಬೆಂಕಿಯಿಲ್ಲದೆ ಬಾಣಲೆ ಹೇಗೆ ಎಂಬುದೂ ಅವರ ತಕರಾರಿನಲ್ಲಿತ್ತು. ಕುದೇರಿನ ಸೊಸೆಯ ಮಾತು ಅಲ್ಲಿಯೂ ಓಡುತ್ತಿತ್ತು!

ತಮ್ಮ ಇನ್ನೊಂದು ವಿಷಯ ಸೇರಿಸುತ್ತಾನೆ. ಬ್ರೂಕ್‌ಲೈನಿನವರು ಅಡುಗೆ ಒಲೆಯನ್ನು ನಿಯಮದಿಂದ ಹೊರಗೇ ಇಟ್ಟಿದ್ದರಂತೆ. ಕೇಳಿದ ಅವ್ವನಿಗೆ ಸಮಾಧಾನ. "ನೋಡಿದ್ರಾ, ಒಲ ಮುಟ್ನಿಲ್ಲ."

ಅಲ್ಲಿ ಇಂಧನ ಸುಡುವುದು ಹೆಚ್ಚಾಗಿ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು. ಕುದೇರಿಗೆ ಆ ಖರ್ಚಿಲ್ಲ. ಇಲ್ಲಿ ಅನ್ನ ಬೇಯಬೇಕು, ಮೀಯಲು ನೀರು ಕಾಯಬೇಕು, ಅಷ್ಟೆ. ನೀರಿಗೆ ಬಚ್ಚಲೊಲೆ, ಹಂಡೆ. ಉರಿಗೆ ತೆಂಗಿನ ಮಟ್ಟೆ, ಕರಟ, ತೋಟದ ಕಸಕಡ್ಡಿ. ಈಗೀಗ ತಾರಸಿಯ ಮೇಲೆ ಸೋಲಾರ್. ಈ ಸೋಲಾರಿನದೂ ಒಂದು ನಿಯಮದ ಕತೆಯೇ. 2007ರಲ್ಲಿ ಕರ್ನಾಟಕ ಸರ್ಕಾರ ನಗರಗಳ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿ, ಅದನ್ನು ಕರೆಂಟ್ ಸಂಪರ್ಕಕ್ಕೆ ಗಂಟು ಹಾಕಿತು. ಹಾಕಿಸಿದವರಿಗೆ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ. ನಮ್ಮ ನಿಯಮದ ಗುರಿ ಗ್ಯಾಸ್ ಅಲ್ಲ, ಗೀಸರ್. ಅಮೆರಿಕದವರು ಗ್ಯಾಸ್ ಬಿಟ್ಟು ಕರೆಂಟಿಗೆ ಬನ್ನಿ ಅಂದರು. ನಾವು ಕರೆಂಟು ಬಿಟ್ಟು ಬಿಸಿಲಿಗೆ ಬನ್ನಿ ಅಂದೆವು. ನನಗೇನೋ ನಮ್ಮದೇ ಹೆಚ್ಚು ನೇರ ಅನಿಸುತ್ತದೆ.

ಕರೆಂಟೂ ಎಲ್ಲಿಂದಲೋ ಬರಬೇಕಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1720 ಮೆಗಾವಾಟಿನ ಸ್ಥಾವರ ಕಲ್ಲಿದ್ದಲಿನಿಂದಲೇ ನಡೆಯುವುದು. ಅಡುಗೆಮನೆಯಲ್ಲಿ ಆರಿಸಿದ ಉರಿಯನ್ನು ಅಲ್ಲಿ ಹೊತ್ತಿಸಿದರೆ ಏನು ಬಂತು? ಹಾಗೆಂದು ಕೈಚೆಲ್ಲಬೇಕಿಲ್ಲ. ಪಾವಗಡದಲ್ಲಿ 2050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಕೊಳ್ಳೇಗಾಲದ ಕಡೆ ಹೊರಟರೆ ಸಿಗುವ ಶಿವನಸಮುದ್ರದಲ್ಲಿ 1902ರಷ್ಟು ಹಿಂದೆಯೇ ಕಾವೇರಿಯ ನೀರಿನಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದರು. ಹೊಗೆಯಿಲ್ಲದ ಕರೆಂಟು ಈ ಸೀಮೆಗೆ ಹೊಸ ಸುದ್ದಿಯಲ್ಲ.

ಗ್ಯಾಸಿನ ಮೇಲೆ ಮಾತ್ರ ಇಲ್ಲಿ ಯಾರಿಗೂ ಸಿಟ್ಟಿಲ್ಲ, ಇರುವುದೂ ಸುಲಭವಲ್ಲ. ಇದೇ ಜಿಲ್ಲೆಯ ಗುಂಡ್ಲುಪೇಟೆ ಕಡೆ, ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ, 'ನಮ್ಮ ಸಂಘ' ಎಂಬ ಸಂಸ್ಥೆ ಮನೆಮನೆಗೆ ಗ್ಯಾಸ್ ಸಂಪರ್ಕ ಕೊಡಿಸಿದ್ದು ಕಾಡು ಉಳಿಯಲಿ ಎಂದು. ಸೌದೆಗೆ ಹೋಗಿ ಆನೆಗೆ ಎದುರಾಗುವ ಭಯ ತಪ್ಪಿಸಿದ್ದೂ ಅದೇ ಸಿಲಿಂಡರು. 2016ರ ಉಜ್ವಲ, ಆಮೇಲಿನ ಅನಿಲಭಾಗ್ಯ ಯೋಜನೆಗಳು ಒಲೆಯ ಮುಂದೆ ಕಣ್ಣುಜ್ಜಿಕೊಳ್ಳುವ ಹೆಂಗಸರಿಗೆಂದೇ ಬಂದವು. ಅಂಥ ಸಿಲಿಂಡರನ್ನು ಮನೆಯಿಂದ ಹೊರಗಟ್ಟು ಎಂದರೆ ಯಾರು ಕೇಳಿಯಾರು? ಮೈಸೂರಿನಲ್ಲಿ 2022ರ ಶುರುವಿನಲ್ಲಿ ಕೊಳವೆ ಗ್ಯಾಸಿನ ಮೇಲೆ ಸಂಸದರಿಗೂ ಶಾಸಕರಿಗೂ ಜೋರು ಜಟಾಪಟಿ ನಡೆಯಿತು. ಅದು ಹವಾಮಾನದ ಜಗಳವಲ್ಲ, ಕೊಳವೆಗೆಂದು ಅಗೆದ ರಸ್ತೆ ಯಾರು ಮುಚ್ಚುವುದು ಎಂಬ ಜಗಳ.

ಕುದೇರಿನಂಥ ಊರಲ್ಲಿ ನನ್ನ ಕಣ್ಣು ಹೋಗುವುದು ಕೊಟ್ಟಿಗೆಯ ಕಡೆಗೆ. ಜಿಲ್ಲಾ ಹಾಲು ಒಕ್ಕೂಟ ಚಾಮುಲ್‌ನ ಡೇರಿ ಇರುವುದೇ ಇಲ್ಲಿ. ಸುತ್ತಲ ಹಳ್ಳಿಗಳಲ್ಲಿ ಹಸು ಕಟ್ಟದ ಬೀದಿಯಿಲ್ಲ. ಎರಡು ಘನಮೀಟರಿನ ಗೋಬರ್ ಗ್ಯಾಸ್ ಗುಂಡಿಗೆ ದಿನಕ್ಕೆ 50 ಕಿಲೋ ಸಗಣಿ ಸಾಕು, ನಾಲ್ಕೈದು ಹಸುವಿನದು. ಒಂದು ಸಂಸಾರದ ಅಡುಗೆ ಅದರಲ್ಲಿ ನಡೆಯುತ್ತದೆ, ಉಳಿದ ಬಗ್ಗಡ ಹೊಲಕ್ಕೆ. ಹಾಗಿದ್ದೂ ಎಷ್ಟೋ ಕಡೆ ಗುಂಡಿಗಳು ಪಾಳುಬಿದ್ದಿವೆ. ಗುಮ್ಮಟ ಬಿರುಕು ಬಿಟ್ಟಾಗ ಕಟ್ಟುವವರು ಸಿಗಲಿಲ್ಲ, ದಿನಾ ಸಗಣಿ ಕದಡುವವರೂ ಸಿಗಲಿಲ್ಲ, ಸಿಲಿಂಡರು ಬಾಗಿಲಿಗೇ ಬಂತು. ನಿಯಮ ಮಾಡುವವರು ನಿಷೇಧ ಬರೆಯುವ ಮೊದಲು ಒಬ್ಬ ರಿಪೇರಿಯವನನ್ನು ಹೊಂದಿಸಿಕೊಟ್ಟರೆ ಆಗುತ್ತಿತ್ತು.

ಪಂಚಾಯತ್‌ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಅನುಮತಿಯಿಲ್ಲದೆ ಮನೆ ಕಟ್ಟುವಂತಿಲ್ಲ. ಇ-ಸ್ವತ್ತು, ನಕಾಶೆ, ರಸೀದಿ ಎಲ್ಲ ಕೇಳುತ್ತಾರೆ. ಒಳಗೆ ಏನು ಉರಿಯುತ್ತದೆ ಎಂದು ಕೇಳುವವರಿಲ್ಲ. ಕೇಳುತ್ತಿರುವುದು ಮೇಸ್ತ್ರಿ ಒಬ್ಬರೇ. ಅವರಿಗೆ ಹವಾಮಾನದ ಚಿಂತೆ ಇಲ್ಲದಿರಬಹುದು. ಆದರೆ ಬ್ರೂಕ್‌ಲೈನಿನವರು ಹಳೇ ಮನೆ ಬಿಟ್ಟು ಹೊಸ ಮನೆಯನ್ನೇ ಏಕೆ ಹಿಡಿದರು ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕಟ್ಟುವಾಗ ಪುಕ್ಕಟೆ ಆಗುವ ಕೆಲಸ, ಆಮೇಲೆ ಗೋಡೆ ಒಡೆಯುವ ಕೆಲಸ.

ಕಡೆಗೆ ಯಜಮಾನರು ಎಲ್ಲರಿಗೂ ಹೂಂ ಅಂದರು. ಸಿಲಿಂಡರು ಆಚೆಗೆ, ಪೈಪಿಗೆ ತೂತು. ಕಟ್ಟೆಯ ಮೇಲೆ ಎರಡು ಪವರ್ ಪಾಯಿಂಟ್. ತಾರಸಿಯಿಂದ ಬಚ್ಚಲಿಗೆ ಬಿಸಿನೀರಿನ ಪೈಪು. ಹಿತ್ತಲಲ್ಲಿ ಅವ್ವನಿಗೆ ಒಲೆ, ಮೇಲೊಂದು ಶೀಟು. ಗೋಬರ್ ಗ್ಯಾಸಿನ ಮಾತು ನಾನೇ ತೆಗೆದೆ. "ಹಸು ಎರಡಕ್ಕೆ ಇಳಿದ್ವಲ್ಲ ಸಾ" ಎಂದು ಸೊಸೆ ಒಂದೇ ಮಾತಲ್ಲಿ ಮುಗಿಸಿದರು.

ಮೇಸ್ತ್ರಿ ಇದ್ದಿಲಿನ ಗೆರೆಯ ಪಕ್ಕ ಇನ್ನೂ ಎರಡು ಗುರುತು ಹಾಕಿ, ಉಳಿಗೆ ಕೈ ಚಾಚುವ ಮೊದಲು ಹೇಳಿದರು: "ಒಲೆ ಎಸ್ಟಿಮೇಟಲ್ಲಿ ಇರ್ಲಿಲ್ಲ ಕಣಣ್ಣ. ಅದ್ಕೆ ಬೇರೆ ಕೂಲಿ."